ಶಿಕಾಗೋ "ಬೀನ್" ನೋಡಕ್ಕೆ ಹೋಗೋರು ಪದೇ ಪದೇ ಕೇಳೋ ಪ್ರಶ್ನೆಗಳು

ನಾವಿರೋದು ಶಿಕಾಗೋ ಹೊರಗಡೆ, ನೇಪರ್‌ವಿಲ್ ಹತ್ರ. ಮೇ ತಿಂಗಳು ಬಂತು ಅಂದ್ರೆ ಊರಿಂದ ಯಾರಾದ್ರೂ ಬರ್ತಾನೇ ಇರ್ತಾರೆ, ಅಪ್ಪ ಅಮ್ಮ, ಅತ್ತೆ ಮಾವ, ಅವರ ಜೊತೆ ಸ್ನೇಹಿತರ ಅಪ್ಪ ಅಮ್ಮಂದಿರು. ಬಂದೋರೆಲ್ಲ ಮೊದಲ ವೀಕೆಂಡಿಗೇ ಕೇಳೋದು "ಆ ಹೊಳೆಯೋದು ಎಲ್ಲಿದೆ, ಅದನ್ನ ತೋರಿಸ್ರೋ". ಅಂದ್ರೆ ಶಿಕಾಗೋ ಪಾರ್ಕಲ್ಲಿರೋ, ಕನ್ನಡಿ ಥರ ಹೊಳೆಯೋ ದೊಡ್ಡ ಸ್ಟೀಲ್ ಶಿಲ್ಪ, ಎಲ್ರೂ ಬೀನ್ ಅನ್ನೋದು. ವಾಟ್ಸಾಪಲ್ಲಿ ಒಬ್ಬೊಬ್ಬರಿಗೂ ಅದೇ ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿಟ್ಟಿದೀನಿ. ಇನ್ಮೇಲೆ ಕೇಳಿದ್ರೆ ಲಿಂಕ್ ಕಳಿಸ್ತೀನಿ, ಬೇಜಾರು ಮಾಡ್ಕೋಬೇಡಿ.

ಇದರ ನಿಜವಾದ ಹೆಸರೇನು? ಬೀನ್ ಅಂತಾನೇನಾ?

ಹೆಸರು ಕ್ಲೌಡ್ ಗೇಟ್. ಮೋಡದ ಬಾಗಿಲು ಅಂದ್ಕೊಳ್ಳಿ. ಮೇಲ್ಮೈಯ ಬಹುಭಾಗದಲ್ಲಿ ಕಾಣೋದು ಆಕಾಶಾನೇ, ಅದಕ್ಕೇ ಆ ಹೆಸರು. ಆದ್ರೆ ಕೆಲಸ ಮುಗಿಯೋ ಮುಂಚೇನೇ ಊರಿನ ಜನ ಬೀನ್ ಅಂತ ಕರೆಯಕ್ಕೆ ಶುರು ಮಾಡಿಬಿಟ್ರು. ಮಾಡಿದ ಕಲಾವಿದರಿಗೆ ಆ ಅಡ್ಡಹೆಸರು ಕೇಳಿ ಮೊದಲು ಮೈಯೆಲ್ಲ ಉರಿದಿತ್ತು, ಆಮೇಲೆ ಅವರೂ ಸುಮ್ಮನಾದ್ರು. ಟ್ಯಾಕ್ಸಿಯವರ ಹತ್ರ ಕ್ಲೌಡ್ ಗೇಟ್ ಅಂದ್ರೆ ಒಂದು ಸೆಕೆಂಡ್ ಯೋಚ್ನೆ ಮಾಡ್ತಾರೆ, ಬೀನ್ ಅಂದ್ರೆ ತಕ್ಷಣ ಗೊತ್ತಾಗತ್ತೆ.

ಇನ್ನು ನಮ್ಮೋರಿಗೆ ಬೀನ್ ಅಂದ್ರೆ ಹುರುಳಿಕಾಯಿ ನೆನಪಾಗಿ ತಲೆಕೆಡತ್ತೆ. ಇದು ಕಾಯಿ ಅಲ್ಲ, ಕಾಳು, ರಾಜ್ಮಾ ಕಾಳಿನ ಆಕಾರ. ನಮ್ಮತ್ತೆ ನೋಡಿದ ಕೂಡ್ಲೆ "ಇದು ಗೋಡಂಬಿ ಕಣೋ" ಅಂದ್ರು. ನಂಗೂ ಅದೇ ಸರಿ ಅನ್ಸತ್ತೆ.

ಮಾಡಿದೋರು ಇಂಡಿಯಾದವರಂತೆ, ಹೌದಾ?

ಹೌದು. ಅನೀಶ್ ಕಪೂರ್, ಹುಟ್ಟಿದ್ದು 1954ರಲ್ಲಿ ಮುಂಬೈಯಲ್ಲಿ. 1970ರ ದಶಕದಲ್ಲೇ ಲಂಡನ್ನಿಗೆ ಓದಕ್ಕೆ ಹೋಗಿ ಅಲ್ಲೇ ನೆಲೆಸಿದ್ರು, 1991ರಲ್ಲಿ ಕಲೆಗೆ ಕೊಡೋ ಬ್ರಿಟನ್ನಿನ ಟರ್ನರ್ ಪ್ರಶಸ್ತಿ ಬಂತು. ಹಾಗಾಗಿ "ನಮ್ಮೋರು" ಅನ್ನೋದಾ "ಬ್ರಿಟಿಷರು" ಅನ್ನೋದಾ ಅಂತ ನಮ್ಮ ಕಾರಲ್ಲಿ ಪ್ರತೀ ಸಲ ಚರ್ಚೆ ಆಗತ್ತೆ. ಹೋಗ್ತಾ ಹೋಗ್ತಾ ಟೈಮ್ ಪಾಸ್ ಆಗತ್ತೆ, ಒಳ್ಳೇದೇ.

ಶಿಕಾಗೋದವರು ಈ ಜಾಗಕ್ಕೆ ಕಲಾಕೃತಿ ಆರಿಸ್ತಿದ್ದಾಗ ಕೊನೇಲಿ ಪೈಪೋಟಿಲಿ ಇದ್ದ ಇನ್ನೊಬ್ಬರು ಅಮೆರಿಕದ ಕಲಾವಿದ ಜೆಫ್ ಕೂನ್ಸ್. ಅವರ ಪ್ಲಾನ್ ಏನಪ್ಪಾ ಅಂದ್ರೆ 150 ಅಡಿ ಎತ್ತರದ ಗಾಜು-ಸ್ಟೀಲಿನ ಜಾರುಬಂಡೆ. ನಮ್ಮನೆ ಮಕ್ಕಳಿಗೆ ಇದು ಗೊತ್ತಾದ್ಮೇಲೆ ಕಪೂರ್ ಮೇಲೆ ಸಿಟ್ಟು ಬಂದಿದೆ.

ಟಿಕೆಟ್ ಎಷ್ಟು? ಆನ್‌ಲೈನ್ ಬುಕ್ ಮಾಡ್ಬೇಕಾ?

ಏನೂ ಇಲ್ಲ, ಪೂರ್ತಿ ಫ್ರೀ. ಅದು ಇರೋದು ಮಿಲೇನಿಯಂ ಪಾರ್ಕಲ್ಲಿ, ಪಾರ್ಕ್ ಬೆಳಿಗ್ಗೆ 8ರಿಂದ ರಾತ್ರಿ 11ರ ತನಕ ತೆಗೆದಿರತ್ತೆ. ಯಾರಾದ್ರೂ "ಬೀನ್ ಟಿಕೆಟ್" ಅಂತ ಮಾರಿದ್ರೆ ದುಡ್ಡು ಕೊಡ್ಬೇಡಿ. ಒಂದು ವಿಷಯ, ಗುರುವಾರದಿಂದ ಭಾನುವಾರದ ತನಕ ಸಂಜೆ 6ರ ಮೇಲೆ 18 ದಾಟದ ಹುಡುಗ್ರು ದೊಡ್ಡೋರಿಲ್ದೆ ಒಳಗೆ ಹೋಗೋ ಹಾಗಿಲ್ಲ, 2022ರಲ್ಲಿ ತಂದ ರೂಲ್ಸು. ಟೀನೇಜ್ ಮಕ್ಕಳನ್ನ "ನೀವು ನೋಡ್ಕೊಂಡು ಬನ್ನಿ, ನಾವು ಶಾಪಿಂಗ್ ಮಾಡ್ತೀವಿ" ಅಂತ ಕಳ್ಸೋ ಐಡಿಯಾ ಇದ್ರೆ ಬಿಟ್ಬಿಡಿ.

ಯಾವಾಗ ಹೋದ್ರೆ ಒಳ್ಳೇದು?

ಎಲ್ಲಾ ಇರೋದು ಇದರಲ್ಲೇ. ಜುಲೈ ಶನಿವಾರ ಮಧ್ಯಾಹ್ನ 2 ಗಂಟೆಗೆ ಹೋಗಿ "ಏನಿದೆ ಇದರಲ್ಲಿ, ಬರೀ ಜನ" ಅಂತ ವಾಪಸ್ ಬಂದೋರನ್ನ ನಾನು ತುಂಬಾ ಜನ ನೋಡಿದೀನಿ, ಅವರು ಹೇಳೋದೂ ನಿಜಾನೇ, ಯಾಕಂದ್ರೆ ಅದು ಕನ್ನಡಿ, ಎದುರಿಗೆ ಸಾವಿರ ಜನ ಇದ್ರೆ ಸಾವಿರ ಜನಾನೇ ತೋರ್ಸತ್ತೆ.

ವಾರದ ದಿನ ಬೆಳಿಗ್ಗೆ 8ಕ್ಕೆ ಹೋಗಿ. ಆಗ ಬಿಸಿಲು ಪೂರ್ವದಿಂದ, ಲೇಕ್ ಮಿಷಿಗನ್ ಕಡೆಯಿಂದ ಬಂದು ಮಿಷಿಗನ್ ಅವೆನ್ಯೂ ಕಟ್ಟಡಗಳ ಮುಖಕ್ಕೆ ಬೀಳತ್ತೆ. ಬೀನ್‌ನ ಪಶ್ಚಿಮದ ಮಗ್ಗುಲಲ್ಲಿ ನಿಂತ್ರೆ ಆ ಕಟ್ಟಡಗಳೆಲ್ಲ ಬಿಲ್ಲಿನ ಥರ ಬಗ್ಗಿ ಸಾಲಾಗಿ ಕಾಣತ್ತೆ, ಮೇಲೆ ಪೂರ್ತಿ ಆಕಾಶ. ಮೋಡ ಇರೋ ದಿನ ಆದ್ರೆ ಇನ್ನೂ ಚೆನ್ನಾಗಿರತ್ತೆ, ಮೋಡ ಸರೀತಾ ಇದ್ರೆ ಸ್ಟೀಲೇ ಹರೀತಾ ಇದೆಯೇನೋ ಅನ್ಸತ್ತೆ. ಕಪೂರ್‌ಗೆ ಈ ಆಕಾರ ಹೊಳೆದಿದ್ದು ಪಾದರಸದ ಹನಿ ನೋಡಿಯಂತೆ. ಜನ ಇಲ್ದಿರೋವಾಗ ನೋಡಿದ್ರೆ ಆ ಮಾತು ಅರ್ಥ ಆಗತ್ತೆ.

ರಾತ್ರಿ 10ರ ಹೊತ್ತಿಗೂ ಪರವಾಗಿಲ್ಲ, ಕಟ್ಟಡಗಳ ಲೈಟು ಅದರ ಮೇಲೆ ಬಿದ್ದು ಬೇರೆ ಥರಾನೇ ಕಾಣತ್ತೆ. ಜುಲೈ ಕೊನೆ, ಆಗಸ್ಟ್ ಮೊದಲ ವಾರದಲ್ಲಿ ಪಕ್ಕದ ಗ್ರಾಂಟ್ ಪಾರ್ಕಲ್ಲಿ ಲೊಲ್ಲಾಪಲೂಜಾ ಅಂತ ನಾಲ್ಕು ದಿನದ ಮ್ಯೂಸಿಕ್ ಫೆಸ್ಟಿವಲ್ ಇರತ್ತೆ. ವಯಸ್ಸಾದವರನ್ನ ಕರ್ಕೊಂಡು ಆ ದಿನ ಮಾತ್ರ ಆ ಕಡೆ ತಲೆ ಹಾಕ್ಬೇಡಿ.

ಹೋಗೋದು ಹೇಗೆ? ಕಾರ್ ತಗೊಂಡು ಹೋಗ್ಲಾ?

ಕಾರ್ ಬೇಡ ಅಂತೀನಿ ನಾನು. ಪಾರ್ಕ್ ಕೆಳಗೇನೇ ದೊಡ್ಡ ಪಾರ್ಕಿಂಗ್ ಇದೆ ನಿಜ, ಆದ್ರೆ ಅದರ ಬಿಲ್ ನೋಡಿ ಅಪ್ಪ ರೂಪಾಯಿಗೆ ಲೆಕ್ಕ ಹಾಕಕ್ಕೆ ಕೂತ್ರೆ ಇಡೀ ದಿನದ ಮೂಡ್ ಹೋಯ್ತು ಅಂತ ಲೆಕ್ಕ. ತಗೊಂಡು ಹೋಗ್ಲೇಬೇಕು ಅಂದ್ರೆ ಮುಂಚೇನೇ ಆಪಲ್ಲಿ ಬುಕ್ ಮಾಡಿ, ಕಮ್ಮಿ ಬೀಳತ್ತೆ.

ಅರೋರಾ, ನೇಪರ್‌ವಿಲ್ ಕಡೆಯವರು ಮೆಟ್ರಾ ಟ್ರೈನಲ್ಲಿ ಯೂನಿಯನ್ ಸ್ಟೇಷನ್‌ಗೆ ಬಂದು ಅಲ್ಲಿಂದ ಪೂರ್ವಕ್ಕೆ ಸುಮಾರು 20 ನಿಮಿಷ ನಡೀಬೇಕು. ಓಹೇರ್ ಏರ್‌ಪೋರ್ಟಿಂದ ನೇರ ಬರೋರು ಬ್ಲೂ ಲೈನ್ ಹತ್ತಿ ವಾಷಿಂಗ್ಟನ್ ಸ್ಟೇಷನ್ನಲ್ಲಿ ಇಳೀರಿ, ಮುಕ್ಕಾಲು ಗಂಟೆ ಹಿಡಿಯತ್ತೆ. ಮೇಲೆ ಕಂಬಗಳ ಮೇಲೆ ಓಡೋ ಎಲ್ ಟ್ರೈನಲ್ಲಿ ಹೋಗ್ಬೇಕು ಅನ್ನೋ ಆಸೆ ಇದ್ರೆ ಬ್ರೌನ್, ಗ್ರೀನ್, ಆರೆಂಜ್, ಪಿಂಕ್ ಯಾವುದಾದ್ರೂ ಆಗತ್ತೆ, ವಾಷಿಂಗ್ಟನ್/ವಾಬಾಶ್ ಸ್ಟೇಷನ್ನಲ್ಲಿ ಇಳಿದ್ರೆ ಪಾರ್ಕ್ ಒಂದೇ ಬ್ಲಾಕ್. ಬ್ಲೂ ಲೈನಿನ ವಾಷಿಂಗ್ಟನ್ನೇ ಬೇರೆ, ಇದೇ ಬೇರೆ, ಎರಡಕ್ಕೂ ಒಂದೇ ಹೆಸರಿಟ್ಟು ನಮ್ಮ ಪ್ರಾಣ ತೆಗೀತಾರೆ.

ಮುಟ್ಟಬಹುದಾ?

ಮುಟ್ಟಿ. ಬೇಲಿ ಗೀಲಿ ಏನೂ ಇಲ್ಲ. ಎಲ್ರೂ ಕೈ ಇಟ್ಟು ಒರಗಿ ಫೋಟೋ ತೆಗಿಸ್ಕೊಳ್ತಾರೆ, ಆ ಕೈ ಗುರುತು ಹೋಗಕ್ಕೆ ಕೆಳಗಿನ 6 ಅಡಿಯನ್ನ ದಿನಕ್ಕೆ ಎರಡು ಸಲ ಕೈಯಲ್ಲೇ ಒರಸ್ತಾರೆ. ವರ್ಷಕ್ಕೆ ಎರಡು ಸಲ ಪೂರ್ತಿ ಸ್ನಾನ, ಅದಕ್ಕೆ 40 ಗ್ಯಾಲನ್ ಅಂದ್ರೆ ಸುಮಾರು 150 ಲೀಟರ್ ಲಿಕ್ವಿಡ್ ಸೋಪು ಬೇಕು. ಯಾವ ಸೋಪು ಗೊತ್ತಾ, ಟೈಡ್. ನಾವು ಬಟ್ಟೆ ಒಗೆಯೋದು. ಅಮ್ಮನಿಗೆ ಇದು ಹೇಳಿದ ಮೇಲೆ ಅವರಿಗೆ ಕಲೆ ಬಗ್ಗೆ ಗೌರವ ಜಾಸ್ತಿ ಆಯ್ತು.

ಕೆರೆಯೋದು ಬರೆಯೋದು ಮಾತ್ರ ಬೇಡ. 2009ರಲ್ಲಿ ಯಾರೋ ಎರಡು ಹೆಸರು ಕೆತ್ತಿದ್ರು, 2019ರಲ್ಲಿ ಸ್ಪ್ರೇ ಪೇಂಟ್ ಬಳಿದ್ರು, ಎರಡೂ ಸಲ ಅಳಿಸಿ ಮೊದಲಿನ ಥರಾನೇ ಮಾಡಿದ್ರು. ನಮ್ಮೂರ ಕೋಟೆ ದೇವಸ್ಥಾನದ ಗೋಡೆ ಮೇಲೆಲ್ಲ ಹಾರ್ಟ್ ಬರೆದು ಬಾಣ ಬಿಡೋ ಅಭ್ಯಾಸ ಇರೋರು ಇಲ್ಲಿ ಕೈ ಕಟ್ಟಿಕೊಂಡಿರಿ.

ಬೇಸಿಗೇಲಿ ಕೈ ಸುಡಲ್ವಾ? ಚಳಿಗಾಲದಲ್ಲಿ?

ಇದೇ ಭಯ ಇಲ್ಲಿನವರಿಗೂ ಇತ್ತು. ಕಟ್ಟೋವಾಗ ಕೆಲವರು ಬೇಸಿಗೆಗೆ ಮುಟ್ಟಕ್ಕಾಗಲ್ಲ, ಚಳಿಗೆ ಮಕ್ಕಳು ನೆಕ್ಕಿದ್ರೆ ನಾಲಿಗೆ ಅಂಟಿಕೊಳ್ಳತ್ತೆ ಅಂತ ಹೆದರಿಸಿದ್ರು. ನಾನು ಎರಡೂ ಕಾಲದಲ್ಲಿ ಮುಟ್ಟಿದೀನಿ, ಏನೂ ಆಗಿಲ್ಲ, ನೆಕ್ಕಿ ನೋಡಿಲ್ಲ.

ಇದರ ಜಾಯಿಂಟ್ ಎಲ್ಲಿದೆ?

ಇದನ್ನ ಕೇಳಿದ್ದು ಒಬ್ಬರೇ, ನಮ್ಮಪ್ಪ. ಆದ್ರೆ ಅವರೊಬ್ಬರೇ ನೂರು ಸಲ ಕೇಳಿದಾರೆ, ಹಾಗಾಗಿ ಪದೇ ಪದೇ ಕೇಳೋ ಪ್ರಶ್ನೆಗೆ ಸೇರತ್ತೆ.

ಅಪ್ಪ ಪೀಣ್ಯದಲ್ಲಿ ಒಂದು ಸಣ್ಣ ಶೀಟ್ ಮೆಟಲ್ ಶಾಪಲ್ಲಿ 30 ವರ್ಷ ಕೆಲಸ ಮಾಡಿದೋರು, ವೆಲ್ಡಿಂಗ್, ಗ್ರೈಂಡಿಂಗ್, ಬಫಿಂಗ್ (ಉಜ್ಜಿ ಹೊಳಪು ಕೊಡೋದು) ಎಲ್ಲಾ ಗೊತ್ತು. ಉಳಿದೋರೆಲ್ಲ ಬೀನಲ್ಲಿ ತಮ್ಮ ಮುಖ ನೋಡ್ಕೊಳ್ತಿದ್ರೆ ಇವರು ಕನ್ನಡಕ ಹಣೆಗೆ ಏರಿಸಿ ಮೂಗು ತಾಗೋ ಅಷ್ಟು ಹತ್ರ ಹೋಗಿ ಬೆರಳಾಡಿಸ್ಕೊಂಡು ಇಡೀ ಸುತ್ತು ಹಾಕಿದ್ರು, ಮುಕ್ಕಾಲು ಗಂಟೆ. "ಒಂದೇ ಪೀಸಲ್ಲಿ ಮಾಡಕ್ಕೆ ಸಾಧ್ಯ ಇಲ್ಲ ಕಣೋ, ಎಲ್ಲೋ ಇದೆ, ಮುಚ್ಚಿದಾರೆ" ಅಂತ.

ಅವರು ಹೇಳಿದ್ದು ಸರಿ. ಒಂದೇ ಪೀಸ್ ಅಲ್ಲ, 168 ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟು. ಒಂದೊಂದೂ ಸುಮಾರು 10 ಮಿಲಿಮೀಟರ್ ದಪ್ಪ, ತೂಕ 450 ಕೆಜಿಯಿಂದ 900 ಕೆಜಿ ತನಕ. ಪ್ಲೇಟ್‌ಗಳನ್ನ ಬಗ್ಗಿಸಿದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಲ್ಲಿ. ಅಲ್ಲೇ ಪೂರ್ತಿ ಜೋಡಿಸಿ ಹಡಗಲ್ಲಿ ಪನಾಮಾ ಕಾಲುವೆ ಮೇಲೆ ಸುತ್ತಾಕಿ ತರೋ ಪ್ಲಾನಿತ್ತು, ರಿಸ್ಕ್ ಜಾಸ್ತಿ ಅಂತ ಬಿಟ್ಟು ಬಿಡಿ ಬಿಡಿಯಾಗಿ ಟ್ರಕ್ಕಲ್ಲಿ ತಂದು ಇಲ್ಲೇ ಬೆಸೆದ್ರು. ಒಟ್ಟು ತೂಕ ಸುಮಾರು 100 ಟನ್, ಎತ್ತರ 33 ಅಡಿ, ಉದ್ದ 66 ಅಡಿ, ಅಗಲ 42 ಅಡಿ. ಅಂದ್ರೆ ಮೂರು ಮಹಡಿ ಮನೆ ಎತ್ತರ.

ಮಿಲೇನಿಯಂ ಪಾರ್ಕ್ ಉದ್ಘಾಟನೆ ಆಗಿದ್ದು 2004ರ ಜುಲೈನಲ್ಲಿ (ಹೆಸರಲ್ಲಿ ಮಿಲೇನಿಯಂ ಇದ್ರೂ ನಾಲ್ಕು ವರ್ಷ ಲೇಟು, ಇದು ನಮ್ಮೂರಲ್ಲಿ ಮಾತ್ರ ಆಗೋದಲ್ಲ). ಆಗ ಬೀನ್ ಕೆಲಸ ಮುಗಿದಿರಲಿಲ್ಲ, ಜಾಯಿಂಟುಗಳೆಲ್ಲ ಕಾಣ್ತಿತ್ತು. ಆದ್ರೂ ಜನಕ್ಕೆ ತೋರಿಸಿದ್ರು, ಕಪೂರ್‌ಗೆ ಅದು ಇಷ್ಟ ಆಗಿರಲಿಲ್ಲ. ಪಾಪ, ಅರ್ಧ ಬೆಂದ ಅಡುಗೆ ಬಡಿಸಿದ್ರೆ ಯಾರಿಗೆ ತಾನೆ ಖುಷಿ ಆಗತ್ತೆ. 2005ರ ಜನವರಿಲಿ ಟೆಂಟ್ ಹಾಕಿ ಮುಚ್ಚಿ ಉಜ್ಜೋ ಕೆಲಸ ಶುರು ಮಾಡಿದ್ರು. ಐದು ಹಂತ: ಮೊದಲು 40 ಗ್ರಿಟ್ (ಉಜ್ಜೋ ಕಾಗದದ ನಂಬರು, ಜಾಸ್ತಿ ಆದಷ್ಟೂ ನಯ) ಒರಟು ಗ್ರೈಂಡಿಂಗಲ್ಲಿ ವೆಲ್ಡ್ ಉಬ್ಬನ್ನ ಕತ್ತರಿಸಿ, ಆಮೇಲೆ ನಯ ಮಾಡ್ತಾ ಮಾಡ್ತಾ 800 ಗ್ರಿಟ್‌ ತನಕ ಬಂದು, ಕೊನೇಲಿ ರೂಜ್ ಅನ್ನೋ ಪಾಲಿಶ್ ಹಚ್ಚಿ ಬಫಿಂಗ್. ಆಗಸ್ಟಲ್ಲಿ ಟೆಂಟು ಬಿಚ್ಚಿದ್ರು, 2006ರ ಮೇ 15ಕ್ಕೆ ಅಧಿಕೃತವಾಗಿ ಊರಿಗೆ ಅರ್ಪಿಸಿದ್ರು.

ಇದೆಲ್ಲ ಓದಿ ಹೇಳಿದಾಗ ಅಪ್ಪ ತುಂಬಾ ಹೊತ್ತು ಸುಮ್ನಿದ್ರು. ಆಮೇಲೆ ಕೇಳಿದ್ದು ಒಂದೇ, "ಹೀಟ್‌ಗೆ ಪ್ಲೇಟ್ ಎಳ್ಕೊಳ್ಳಲ್ವಾ, ಅದನ್ನ ಹೇಗೆ ತಡೆದ್ರು?" ಬಫಿಂಗ್ ಮಾಡಿದ ಹುಡುಗರ ಹೆಸರು ಅಲ್ಲಿ ಹಾಕ್ಬೇಕಿತ್ತು ಅಂತಲೂ ಅಂದ್ರು. ನಂಗೂ ಹಾಗೇ ಅನ್ಸತ್ತೆ, ಕಪೂರ್ ಕೊಟ್ಟಿದ್ದು ಆಕಾರ, ಅದನ್ನ ಪಾದರಸ ಮಾಡಿದ್ದು ಉಜ್ಜಿದ ಕೈಗಳು.

ಒಳಗೆ ಏನಿದೆ? ಟೊಳ್ಳಾ?

ಟೊಳ್ಳೇ. ಒಳಗೆ ಎರಡು ದೊಡ್ಡ ಸ್ಟೀಲ್ ರಿಂಗು, ಅದನ್ನ ಹಿಡಿದಿರೋ ಟ್ರಸ್, ಅಂದ್ರೆ ಕಂಬಿಗಳ ಚೌಕಟ್ಟು ಇದೆ, ಹೊರಗಿನ ಚರ್ಮ ಅದಕ್ಕೆ ಬಿಗಿಯಾಗಿ ಅಂಟಿಕೊಂಡಿಲ್ಲ. ಶಿಕಾಗೋ ಹವಾಮಾನ ಗೊತ್ತಲ್ಲ, ಬೇಸಿಗೇಲಿ 35 ಡಿಗ್ರಿ, ಜನವರಿಲಿ ಮೈನಸ್ 20, ಬಿಗಿ ಮಾಡಿದ್ರೆ ಸ್ಟೀಲು ಹಿಗ್ಗಿ ಕುಗ್ಗಿ ಬಿರುಕು ಬಿಡತ್ತೆ. ಹಾಗಾಗಿ ಚರ್ಮ ಬೇರೆ, ಎಲುಬು ಬೇರೆ ಓಡಾಡೋ ಥರ ಮಾಡಿದಾರೆ. ಬೀನ್ ಕೂತಿರೋದೂ ಗಟ್ಟಿ ನೆಲದ ಮೇಲಲ್ಲ, ಕೆಳಗೆ ಒಂದು ರೆಸ್ಟೋರೆಂಟು, ಪಾರ್ಕಿಂಗ್ ಎಲ್ಲಾ ಇದೆ, ಇಡೀ ಪಾರ್ಕೇ ಒಂಥರಾ ತಾರಸಿ ತೋಟ, ಅಡಿಯಲ್ಲಿ ರೈಲು ಹಳಿಗಳೂ ಇವೆ.

2025ರ ಜನವರಿಲಿ ಕೆಲವರು ಬೋರ್ಡ್ ಹಿಡ್ಕೊಂಡು "ಬೀನ್ ಒಳಗೆ ಒಬ್ಬ ಮನುಷ್ಯ ಸಿಕ್ಕಾಕ್ಕೊಂಡಿದಾನೆ, ಬಿಡಿಸಿ" ಅಂತ ಕೂಗಿದ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದು ತಮಾಷೆ. ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ.

ಕೆಳಗೆ ಹೋಗಬಹುದಂತಲ್ಲ?

ಖಂಡಿತ ಹೋಗಿ, ಹೋಗದೇ ಬಂದ್ರೆ ಅರ್ಧ ನೋಡಿದ ಹಾಗೆ. ಮಧ್ಯದಲ್ಲಿ 12 ಅಡಿ ಎತ್ತರದ ಕಮಾನಿದೆ, ಅದರೊಳಗೆ ನಿಂತು ತಲೆ ಎತ್ತಿ. ಮೇಲೆ ಒಂದು ಗುಳಿ ಇದೆ, ನೆಲದಿಂದ 27 ಅಡಿ. ಇದಕ್ಕೆ ಓಂಫಲೋಸ್ ಅಂತಾರೆ, ಗ್ರೀಕಲ್ಲಿ ಹೊಕ್ಕಳು. ಹೊರಗಡೆ ಉಬ್ಬುಗನ್ನಡಿ, ಅದಕ್ಕೇ ಇಡೀ ಊರು ಚಿಕ್ಕದಾಗಿ ಒಂದರಲ್ಲೇ ಹಿಡಿಯತ್ತೆ, ಒಳಗಡೆ ತಗ್ಗುಗನ್ನಡಿ, ನೀವು ಎರಡಾಗಿ ನಾಲ್ಕಾಗಿ ಉದ್ದುದ್ದ ಎಳೆದು ತಲೆಕೆಳಗಾಗಿ ಸುತ್ತಲೂ ಸುಳಿ ಥರ ಕಾಣ್ತೀರ. ಹೈಸ್ಕೂಲಲ್ಲಿ ಕಿರಣಗಳ ಚಿತ್ರ ಬರೆದು ಬರೆದು ಬೇಜಾರಾಗಿದ್ದ ಪಾಠ ಇಲ್ಲಿ ಒಂದು ನಿಮಿಷಕ್ಕೆ ಅರ್ಥ ಆಗತ್ತೆ. ನಿಮ್ಮನ್ನ ನೀವು ಹುಡುಕಕ್ಕೆ ಒಂದು ಉಪಾಯ, ಕೆಂಪೋ ಹಳದಿಯೋ ಬಟ್ಟೆ ಹಾಕ್ಕೊಂಡು ಹೋಗಿ, ಕೈ ಎತ್ತಿ ಅಲ್ಲಾಡಿಸಿ. ತಲೆಸುತ್ತು ಇರೋರು ಯಾರದ್ದಾದ್ರೂ ಭುಜ ಹಿಡ್ಕೊಂಡು ನೋಡಿ.

ಇದಕ್ಕೆ ಎಷ್ಟು ಖರ್ಚಾಯ್ತು?

ಮೊದಲ ಅಂದಾಜು 60 ಲಕ್ಷ ಡಾಲರ್. ಪಾರ್ಕ್ ತೆಗೆಯೋ ಹೊತ್ತಿಗೆ 1.15 ಕೋಟಿ. ಕೊನೆಗೆ ನಿಂತಿದ್ದು 2.3 ಕೋಟಿ ಡಾಲರ್‌ಗೆ. ದುಡ್ಡು ದಾನಿಗಳದ್ದು, ತೆರಿಗೆಯದ್ದಲ್ಲ. ಮಾವನವರು ಇದನ್ನ ಕೇಳಿ "ಮನೆ ಕಟ್ಟೋವಾಗ ನಮ್ಮ ಮೇಸ್ತ್ರಿ ಹೇಳಿದ ಲೆಕ್ಕಾನೂ ಹಿಂಗೇ ಆಗಿದ್ದು" ಅಂದ್ರು.

ಫೋಟೋ ತೆಗೆದ್ರೆ ಕೇಸ್ ಹಾಕ್ತಾರಂತೆ?

ನಿಮ್ಮ ಮೇಲಲ್ಲ. ಫೋನಲ್ಲಿ, ಕ್ಯಾಮೆರಾದಲ್ಲಿ ನಿಮಗೆ ಎಷ್ಟು ಬೇಕೋ ಅಷ್ಟು ತೆಗೀರಿ. ಈ ಮಾತು ಹುಟ್ಟಿದ್ದು 2005ರಲ್ಲಿ, ಪರ್ಮಿಟ್ ಇಲ್ದ ಪ್ರೊಫೆಷನಲ್ ಫೋಟೋಗ್ರಾಫರ್ ಒಬ್ಬರನ್ನ ಸೆಕ್ಯುರಿಟಿ ತಡೆದಿದ್ದಕ್ಕೆ ಗಲಾಟೆ ಆಯ್ತು. ಶಿಲ್ಪದ ಕಾಪಿರೈಟ್ ಕಲಾವಿದರದ್ದು, ವ್ಯಾಪಾರಕ್ಕೆ ಬಳಸಬೇಕಂದ್ರೆ ಅನುಮತಿ ಬೇಕು. 2018ರಲ್ಲಿ ಅಮೆರಿಕದ ಬಂದೂಕು ಸಂಘ ಎನ್‌ಆರ್‌ಎ ಮೇಲೆ ಕಪೂರ್ ಕೇಸ್ ಹಾಕಿದ್ದೂ ಅದಕ್ಕೇ, ಅವರ ಜಾಹೀರಾತಲ್ಲಿ ಬೀನ್ ತೋರಿಸಿದ್ರು, ಅದೇ ವರ್ಷ ರಾಜಿ ಆಯ್ತು. ಮದುವೆ ಶೂಟ್‌ಗೆ ಫೋಟೋಗ್ರಾಫರ್ ಕರ್ಕೊಂಡು ಹೋಗೋರು ಪರ್ಮಿಟ್ ವಿಚಾರಿಸ್ಕೊಳ್ಳಿ.

ಫೋಟೋಗೆ ನನ್ನದೊಂದು ಸಲಹೆ, ಬೀನ್‌ಗೆ ಬೆನ್ನು ಹಾಕಿ ನಿಲ್ಲೋ ಬದಲು ಮುಖ ಮಾಡಿ ನಿಂತು ಪ್ರತಿಬಿಂಬದ ಫೋಟೋ ತೆಗೀರಿ. ಫೋಟೋ ತೆಗೆಯೋರೂ ಅದರಲ್ಲಿ ಬರ್ತಾರೆ. ನಮ್ಮನೆ ಆಲ್ಬಮ್‌ಗಳಲ್ಲೆಲ್ಲ ಅಪ್ಪ ಇಲ್ವೇ ಇಲ್ಲ, ಯಾಕಂದ್ರೆ ಕ್ಯಾಮೆರಾ ಯಾವಾಗ್ಲೂ ಅವರ ಕೈಲಿ. ಬೀನ್ ಫೋಟೋದಲ್ಲಿ ಮಾತ್ರ ಎಲ್ರೂ ಇದೀವಿ.

ವಯಸ್ಸಾದವರಿಗೆ ಕಷ್ಟ ಆಗತ್ತಾ? ಟಾಯ್ಲೆಟ್?

2023ರ ಆಗಸ್ಟಿಂದ 2024ರ ಜೂನ್ ತನಕ ಸುತ್ತಲ ಪ್ಲಾಜಾ ಅಗೆದು ರಿಪೇರಿ ಮಾಡಿದ್ರು, ಆ ವರ್ಷ ಬಂದ ನೆಂಟರಿಗೆ ಬೇಲಿಯಾಚೆಯಿಂದ ತೋರಿಸಿ ಬೈಸ್ಕೊಂಡಿದೀನಿ. ಈಗ ನೆಲ, ಮೆಟ್ಟಿಲು, ರ‍್ಯಾಂಪು ಎಲ್ಲಾ ಹೊಸದು, ವೀಲ್‌ಚೇರ್ ಆರಾಮಾಗಿ ಹೋಗತ್ತೆ. ಟಾಯ್ಲೆಟ್ ಪಾರ್ಕಲ್ಲೇ ಇದೆ, ಆದ್ರೆ ರಜಾದಿನ ಕ್ಯೂ. ನಾನು ಮಾಡೋದು ರಸ್ತೆ ದಾಟಿ ಎದುರಿಗಿರೋ ಶಿಕಾಗೋ ಕಲ್ಚರಲ್ ಸೆಂಟರ್‌ಗೆ ಕರ್ಕೊಂಡು ಹೋಗೋದು. ಫ್ರೀ, ಬೆಚ್ಚಗಿರತ್ತೆ, ಕೂರಕ್ಕೆ ಜಾಗ ಇರತ್ತೆ, ಮೇಲಿನ ಮಹಡಿಲಿ 38 ಅಡಿ ಅಗಲದ ಟಿಫನಿ ಗಾಜಿನ ಗುಮ್ಮಟ ಇದೆ. ಟಾಯ್ಲೆಟ್‌ಗೆ ಅಂತ ಹೋದ ಅತ್ತೆ ಆ ಗುಮ್ಮಟದ ಕೆಳಗೆ ಅರ್ಧ ಗಂಟೆ ಕೂತ್ರು, ಬೀನ್‌ಗಿಂತ ಇದೇ ಚೆನ್ನಾಗಿದೆ ಅಂದ್ರು.

ಮಕ್ಕಳಿಗೆ ಬೋರ್ ಆದ್ರೆ?

ದಕ್ಷಿಣಕ್ಕೆ ನಾಲ್ಕು ಹೆಜ್ಜೆ, ಕ್ರೌನ್ ಫೌಂಟನ್. ಜಾವುಮೆ ಪ್ಲೆನ್ಸಾ ಅನ್ನೋರು ಮಾಡಿದ್ದು, 50 ಅಡಿಯ ಎರಡು ಗಾಜಿನ ಗೋಪುರ, ಅದರಲ್ಲಿ ಶಿಕಾಗೋದ ಸಾವಿರ ಜನರ ಮುಖ ಒಂದಾದ್ಮೇಲೊಂದು ಬರತ್ತೆ, ಬಾಯಿಂದ ನೀರು ಉಗೀತಾರೆ. ಬೇಸಿಗೇಲಿ ಇನ್ನೊಂದು ಜೊತೆ ಬಟ್ಟೆ ಟವಲ್ ಇಲ್ದೆ ಹೋಗ್ಬೇಡಿ. ಚಳಿಗಾಲದಲ್ಲಿ ಬೀನ್ ಮುಂದೇನೇ ಐಸ್ ಸ್ಕೇಟಿಂಗ್ ಇರತ್ತೆ.

ಇಂಥದ್ದೇ ನ್ಯೂಯಾರ್ಕಲ್ಲೂ ಇದೆಯಂತೆ, ಅದನ್ನೇ ನೋಡಿದ್ರೆ ಸಾಲ್ದಾ?

ಇದೆ, ಅದೂ ಕಪೂರ್ ಅವರದ್ದೇ, 2023ರಲ್ಲಿ ಮುಗಿದಿದ್ದು, ಟ್ರೈಬೆಕಾದಲ್ಲಿ ಒಂದು ಎತ್ತರದ ಅಪಾರ್ಟ್‌ಮೆಂಟ್ ಮೂಲೆ ಕೆಳಗೆ ಸಿಕ್ಕಾಕ್ಕೊಂಡ ಹಾಗೆ ಕೂತಿದೆ. ಚೀನಾದ ಕರಮಾಯಲ್ಲೂ 2015ರಲ್ಲಿ ಒಂದು ಎದ್ದಿತ್ತು, ಅದು ಎಣ್ಣೆ ಗುಳ್ಳೆ, ಕಾಪಿ ಅಲ್ಲ ಅಂತ ಅಲ್ಲಿನವರು, ಕದ್ದಿದಾರೆ ಅಂತ ಕಪೂರ್. ನ್ಯೂಯಾರ್ಕಿನದ್ದು ನಾನು ನೋಡಿದೀನಿ. ಅದಕ್ಕೆ ಆಕಾಶ ಇಲ್ಲ. ಆಕಾಶ ಇಲ್ಲದ ಮೇಲೆ ಬರೀ ಸ್ಟೀಲು.

ಅಲ್ಲೇ ಸುತ್ತಮುತ್ತ ಇನ್ನೇನು ನೋಡಬಹುದು?

ನಮ್ಮೋರಿಗೆ ಮುಖ್ಯವಾದದ್ದು ಪಕ್ಕದಲ್ಲೇ ಇದೆ, ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ಕ್ಕೆ ವಿವೇಕಾನಂದರು ಮಾತಾಡಿದ್ದು ಈ ಕಟ್ಟಡದಲ್ಲೇ. ಅದರ ಹಿಂದಿನ ವರ್ಷ ಅವರು ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ರು ಅನ್ನೋದನ್ನ ಮೈಸೂರಿನವರು ಕಾರಲ್ಲೇ ನೆನಪಿಸ್ತಾರೆ, ನಾವು ಹೇಳೋದೇ ಬೇಡ. ಮ್ಯೂಸಿಯಂಗೆ ಟಿಕೆಟ್ ಇದೆ, ಒಳಗೆ ಹೋದ್ರೆ ಅರ್ಧ ದಿನ ಇಡಿ.

ಶಿಲ್ಪಗಳಲ್ಲೇ ಆಸಕ್ತಿ ಇದ್ರೆ ನಡೆಯೋ ದೂರದಲ್ಲಿ 1967ರ ಪಿಕಾಸೋ ಇದೆ ಡೇಲಿ ಪ್ಲಾಜಾದಲ್ಲಿ, 50 ಅಡಿ, ತುಕ್ಕಿನ ಬಣ್ಣ, ಹೆಂಗಸಾ ನಾಯಿಯಾ ಅಂತ ಊರವರು ಇವತ್ತಿಗೂ ಜಗಳ ಆಡ್ತಾರೆ. ಆಮೇಲೆ ಫೆಡರಲ್ ಪ್ಲಾಜಾದಲ್ಲಿ ಶಿಲ್ಪಿ ಕಾಲ್ಡರ್ ಅವರ ಕೆಂಪು ಫ್ಲೆಮಿಂಗೋ, 1974ರದ್ದು. ಊಟಕ್ಕೆ ನಮ್ಮ ಕಡೆದೇ ಬೇಕು ಅಂದ್ರೆ ಡೆವಾನ್ ಅವೆನ್ಯೂಗೆ ಹೋಗಬೇಕು, ಹತ್ರ ಇಲ್ಲ, ಹಾಗಾಗಿ ನಾವು ಚಿತ್ರಾನ್ನ ಮೊಸರನ್ನ ಕಟ್ಕೊಂಡು ಹೋಗಿ ಪಾರ್ಕಲ್ಲೇ ಇರೋ ಬಯಲು ವೇದಿಕೆ ಪ್ರಿಟ್ಜ್‌ಕರ್ ಪೆವಿಲಿಯನ್ ಹುಲ್ಲಿನ ಮೇಲೆ ಚಾದರ ಹಾಸಿಬಿಡ್ತೀವಿ. ಬೇಸಿಗೆ ಸಂಜೆ ಅಲ್ಲಿ ಫ್ರೀ ಸಂಗೀತ ಕಚೇರಿ ಬೇರೆ ಇರತ್ತೆ.

ಒಟ್ಟು ಎಷ್ಟು ಹೊತ್ತು ಬೇಕು?

ಫೋಟೋ ಮಾತ್ರ ಅಂದ್ರೆ 20 ನಿಮಿಷ. ಸುತ್ತು ಹಾಕಿ, ಕೆಳಗೆ ನಿಂತು, ಫೌಂಟನ್ ನೋಡಿ ಬರಕ್ಕೆ ಒಂದೂವರೆ ಗಂಟೆ. ನಮ್ಮಪ್ಪನಂಥೋರು ಜೊತೆಗಿದ್ರೆ ಮೂರು ಗಂಟೆ ಇಟ್ಕೊಳ್ಳಿ, ಅವರು ಈ ಸಲ ಬರೋವಾಗ ಭೂತಗನ್ನಡಿ ತರ್ತೀನಿ ಅಂದಿದಾರೆ.